ಪುಟ 144ರ ನಂತರ

1

ಎಲ್ಲಿಂದ ಶುರು ಮಾಡುವುದು? ಹನ್ನೊಂದು ವರ್ಷಗಳಿಂದ ಈ ಅಂಕಣ ಒಂದೇ ವಾಕ್ಯದಿಂದ ಶುರುವಾಗಿದೆ: ‘ಈ ತಿಂಗಳು ನಾನು ಓದಿದ ಪುಸ್ತಕಗಳು ಇಷ್ಟು.’ ‘ಇಷ್ಟು’ ಇರುವಲ್ಲಿ ಒಂದು ಸಂಖ್ಯೆ. ಈ ಸಲ ಆ ಸಂಖ್ಯೆಯ ಹತ್ತಿರ ಬಂದು ಕೈ ನಿಂತಿತು. ನಾಲ್ಕು ಎನ್ನಲೋ, ಮೂರು ಮತ್ತು ಹತ್ತನೇ ಒಂದು ಎನ್ನಲೋ?

(ಹತ್ತನೇ ಒಂದು ಎಂಬುದು ಅಲಂಕಾರವಲ್ಲ. 160 ಪುಟಗಳ ಪುಸ್ತಕದಲ್ಲಿ 16 ಪುಟ. ಭಾಗಿಸಿ ನೋಡಿಕೊಳ್ಳಿ.)

2

ಮೊದಲ ಕರಡು ಹೀಗಿತ್ತು.

‘ಗುಂಡಿ ಮತ್ತು ಕಾಜ’, 212 ಪುಟ. ಅಂಗಿಯ ಗುಂಡಿಗಳ ಇತಿಹಾಸ. ಗಂಡಸರ ಅಂಗಿಗೆ ಗುಂಡಿ ಒಂದು ಕಡೆ, ಹೆಂಗಸರದಕ್ಕೆ ಇನ್ನೊಂದು ಕಡೆ ಯಾಕೆ ಎಂಬುದಕ್ಕೆ ಲೇಖಕರು ಮೂರು ಕಾರಣ ಕೊಟ್ಟು, ಮೂರನ್ನೂ ತಾವೇ ಅನುಮಾನಿಸುತ್ತಾರೆ. ಇಂಥವರನ್ನು ನಂಬಬಹುದು. ಖಂಡಿತ ಓದಿ.

‘ಲಿಫ್ಟ್ ಕೆಟ್ಟಿದೆ’, 178 ಪುಟ. ಪತ್ತೇದಾರಿ ಕಾದಂಬರಿ. ಕೊಲೆ ಮಾಡಿದವರು ಯಾರೆಂದು ನನಗೆ 40ನೇ ಪುಟದಲ್ಲಿ ತಿಳಿಯಿತು. ಪತ್ತೇದಾರನಿಗೆ ತಿಳಿಯಲು ಇನ್ನೂ 138 ಪುಟ ಬೇಕಾಯಿತು. ದೂರದ ಪ್ರಯಾಣಕ್ಕೆ ಅಡ್ಡಿಯಿಲ್ಲ.

‘ಮೂರನೇ ಕುರ್ಚಿ’, ಕವಿತೆಗಳು, 64 ಪುಟ. 19ನೇ ಪುಟ ಮತ್ತು 51ನೇ ಪುಟ. ಉಳಿದವನ್ನು ಬಿಟ್ಟರೆ ನಷ್ಟವಿಲ್ಲ.

ಈ ಕರಡನ್ನು ಇಲ್ಲಿಗೇ ಬಿಟ್ಟಿದ್ದೇನೆ. ಸುಳ್ಳೇನೂ ಇಲ್ಲ, ಶಿಫಾರಸುಗಳೂ ಹಾಗೇ ನಿಲ್ಲುತ್ತವೆ. ಆದರೆ ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಕಳೆದ ತಿಂಗಳ ಪುಸ್ತಕವೊಂದು ಇತ್ತು, ಎದುರು ಕುರ್ಚಿಯಲ್ಲಿ ಅದನ್ನು ಬರೆದವರು ಕೂತಿದ್ದರು.

2 (ಮತ್ತೆ)

ಅವರು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವರು. ಬರೆದಿರುವುದು ಒಂದೇ ಪುಸ್ತಕ: ‘ಭೇಟಿಯ ವೇಳೆ ನಾಲ್ಕರಿಂದ ಆರು’. ತಂದೆಯ ಕೊನೆಯ ಮೂರು ದಿನಗಳ ಬಗ್ಗೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾದ ಮಗಳ ಬಗ್ಗೆ, ಬಾರದ ಇನ್ನೊಬ್ಬ ಮಗಳ ಬಗ್ಗೆ. ಕಾದವಳು ಇವರೇ. ಬಾರದವರು ಇವರ ಅಕ್ಕ, ಶಾಲೆಯೊಂದರ ಬಸ್ ಓಡಿಸುತ್ತಾರೆ.

ಕಳೆದ ತಿಂಗಳು ನಾನು ಬರೆದಿದ್ದೆ: ‘“ಅಕ್ಕ ಬರಲಿಲ್ಲ” ಎಂಬ ಎರಡು ಪದಗಳೊಂದಿಗೆ ಪುಸ್ತಕ ಥಟ್ಟನೆ ನಿಲ್ಲುತ್ತದೆ. ವಿವರಣೆಯಿಲ್ಲ, ಕ್ಷಮೆಯಿಲ್ಲ. ಇತ್ತೀಚೆಗೆ ನಾನು ಓದಿದ ಅತ್ಯಂತ ಧೈರ್ಯದ ಮುಕ್ತಾಯ.’

ಆ ತುಣುಕನ್ನು ಕತ್ತರಿಸಿ ತಂದಿದ್ದರು. ಮೇಜಿನ ಮೇಲಿಟ್ಟರು.

“ಸರ್, ಈ ಧೈರ್ಯ ನನ್ನದಲ್ಲ.”

“ಅಂದ್ರೆ?”

“ನಾನು ಅಲ್ಲಿ ನಿಲ್ಲಿಸಿಲ್ಲ. ನಿಮ್ಮ ಪ್ರತಿ ಕೊಡಿ ನೋಡೋಣ.”

ಕೊಟ್ಟೆ. ಅವರು ಹಿಂಬದಿಯಿಂದ ತೆರೆದು, ಪುಸ್ತಕದ ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ದಿನವಿಡೀ ಮೂಳೆ ನೋಡುವವರ ಅಭ್ಯಾಸ ಇರಬೇಕು.

“ಹದಿನಾರು ಪುಟ ಇಲ್ಲ ಸರ್ ಇದರಲ್ಲಿ.”

(ಓದುಗರು ಇಲ್ಲಿ ನಗಬಹುದು. ನಾನಾಗಿದ್ದರೆ ನಗುತ್ತಿದ್ದೆ.)

3

ಈಗ ನೀವು ಕೇಳಬೇಕಾದ ಪ್ರಶ್ನೆ: ಪುಸ್ತಕ ಮುಗಿದಿದೆ ಎಂದು ನಮಗೆ ಹೇಗೆ ಗೊತ್ತಾಗುತ್ತದೆ? ಈ ತಿಂಗಳು ನಾನು ಕಪಾಟಿನ ಮುಂದೆ ನಿಂತು ನಲವತ್ತು ಪುಸ್ತಕಗಳ ಕೊನೆಯ ಪುಟ ನೋಡಿದೆ. ‘ಮುಗಿಯಿತು’ ಎಂದು ಅಚ್ಚಾಗಿದ್ದುದು ಐದರಲ್ಲಿ. ಹದಿನೆಂಟರಲ್ಲಿ ಕೊನೆಗೆ ಖಾಲಿ ಹಾಳೆ. ಉಳಿದ ಹದಿನೇಳರಲ್ಲಿ ಮಾತು ನಿಂತ ಕೂಡಲೇ ರಟ್ಟು. ಹಾಳೆ ಮುಗಿದರೆ ಕಥೆಯೂ ಮುಗಿಯಿತೆಂದು ನಂಬುತ್ತೇವೆ. ಅದಕ್ಕಿಂತ ಗಟ್ಟಿ ಸಾಕ್ಷಿ ನಮ್ಮ ಹತ್ತಿರ ಇಲ್ಲ.

ಬೈಂಡಿಂಗ್ ಮಾಡಿದವರನ್ನು ಹುಡುಕಿಕೊಂಡು ಹೋದೆ. ಗೋಂದಿನ ವಾಸನೆಯ ಉದ್ದನೆಯ ಕೋಣೆ. ಅವರ ಬೆರಳ ತುದಿಗಳಲ್ಲಿ ಒಣಗಿದ ಗೋಂದಿನ ಸಿಪ್ಪೆ. ಹದಿನಾರು ಪುಟಕ್ಕೆ ಒಂದು ಫಾರಂ, ಈ ಪುಸ್ತಕಕ್ಕೆ ಹತ್ತು ಫಾರಂ ಎಂದು ವಿವರಿಸಿದರು. ಹತ್ತನೆಯದರ ಒಂದು ಕಟ್ಟು ಮೇಜಿನ ಕೆಳಗೆ ಉಳಿದುಬಿಟ್ಟಿತ್ತು. ಹಾಗಾಗಿ ಐನೂರರಲ್ಲಿ ನೂರಹತ್ತು ಪ್ರತಿಗಳಿಗೆ ಕೊನೆಯಿಲ್ಲ.

“ಇಂಥದ್ದು ಆದಾಗ ಓದಿದವರೇ ವಾಪಸ್ ತರ್ತಾರೆ ಸಾರ್. ಬೈತಾರೆ, ನಾವು ಬದಲಾಯಿಸಿ ಕೊಡ್ತೀವಿ. ಈ ಪುಸ್ತಕ ಒಬ್ಬರೂ ತರಲಿಲ್ಲ.”

“ನಿಮಗೇನೂ ಅನ್ನಿಸಲಿಲ್ವಾ?”

“ಯಾರೂ ಓದಿಲ್ಲ ಅಂದ್ಕೊಂಡೆ.”

ಓದಿದ್ದರು. ನನ್ನ ಅಂಕಣ ನೋಡಿ ಕೊಂಡವರು 144ನೇ ಪುಟಕ್ಕೆ ಬಂದು, ಬೆಚ್ಚಿ, ‘ಹೌದು, ಎಂಥ ಧೈರ್ಯ’ ಎಂದುಕೊಂಡು ಮಡಚಿಟ್ಟಿದ್ದರು. ಬೈಂಡರ್ ಮಾಡಿದ ತಪ್ಪನ್ನು ನಾನು ಸಾಹಿತ್ಯ ಮಾಡಿದ್ದೆ.

4

ಇಲ್ಲಿಗೆ ನಿಲ್ಲಿಸಿದರೆ ಇದೊಂದು ತಮಾಷೆಯ ಬರಹವಾಗುತ್ತಿತ್ತು. ನಮ್ಮ ಪುರವಣಿಯ ಸಂಪಾದಕರ ಅಭಿಪ್ರಾಯವೂ ಅದೇ. (ಕಚೇರಿಯಲ್ಲಿ ಅವರನ್ನು ‘ಕತ್ತರಿ’ ಎನ್ನುತ್ತೇವೆ. ಇದು ಅವರಿಗೂ ಗೊತ್ತು.) ಆದರೆ ಆ ನೂರಹತ್ತರಲ್ಲಿ ಒಂದು ಪ್ರತಿಯನ್ನು ಕೊಂಡವರು ಅಕ್ಕ.

ಹದಿನೆಂಟು ವರ್ಷಗಳಿಂದ ಆ ಕುಟುಂಬದಲ್ಲಿ ಎರಡು ಹೇಳಿಕೆಗಳಿವೆ. ತಂಗಿಯದು: “ಅಪ್ಪನಿಗೆ ಜಾಸ್ತಿಯಾದಾಗ ಬಸ್ ಶೆಡ್ಡಿಗೆ ಫೋನ್ ಮಾಡಿ ಹೇಳಿದೆ. ಅಕ್ಕ ಬರಲಿಲ್ಲ.” ಅಕ್ಕನದು: “ನನಗೆ ಯಾರೂ ಹೇಳಲಿಲ್ಲ.” ಚಿಕ್ಕಪ್ಪ, ಅತ್ತೆ, ಸೋದರಮಾವ ಎಲ್ಲರೂ ತಂಗಿಯ ಮಾತನ್ನೇ ನಂಬಿದರು. ಬೆಂಚಿನ ಮೇಲೆ ಮೂರು ದಿನ ಕೂತವಳು ಯಾಕೆ ಸುಳ್ಳು ಹೇಳುತ್ತಾಳೆ?

ಕಾಣೆಯಾದ ಹದಿನಾರು ಪುಟಗಳಲ್ಲಿ ಇರುವುದು ಇದಕ್ಕೆ ಉತ್ತರ. ತಂಗಿ ಫೋನ್ ಮಾಡಿರಲೇ ಇಲ್ಲ. ಮೂರು ದಿನವೂ ಅಪ್ಪ ಕಣ್ಣು ತೆರೆದಾಗಲೆಲ್ಲ ಕೇಳಿದ್ದು ಒಂದೇ: “ದೊಡ್ಡವಳು ಬಂದಳಾ?” ಪಕ್ಕದಲ್ಲೇ ಕೂತ ಚಿಕ್ಕವಳು ಮೂರನೇ ದಿನ ಬೆಳಗ್ಗೆ ಫೋನಿನವರೆಗೂ ನಡೆದು, ರಿಸೀವರ್ ಎತ್ತಿ, ಇಟ್ಟು, ವಾಪಸ್ ಬಂದಳು.

ಅಕ್ಕ ಈ ಪುಸ್ತಕವನ್ನು ಯಾಕೆ ಕೊಂಡಿರಬೇಕೆಂದು ನೀವೇ ಊಹಿಸಿ. ಕೊನೆಗೂ ಒಪ್ಪಿಕೊಂಡಿದ್ದಾಳೇನೋ ಎಂದು ಪುಟ ತಿರುವಿದವರಿಗೆ ಸಿಕ್ಕಿದ್ದು ‘ಅಕ್ಕ ಬರಲಿಲ್ಲ’. ಜೊತೆಗೆ, ಪತ್ರಿಕೆಯಲ್ಲಿ ಅದಕ್ಕೊಂದು ಶಹಬ್ಬಾಸ್‌ಗಿರಿ.

“ಒಂದೇ ಮೆಸೇಜ್ ಬಂತು ಸರ್,” ಎಂದು ತಂಗಿ ಓದಿ ಹೇಳಿದರು. “‘ಓದಿದೆ. ಕೊನೆ ಬಹಳ ಚೆನ್ನಾಗಿದೆಯಂತೆ, ಪೇಪರಿನವರೇ ಹೇಳಿದ್ದಾರೆ.’ ಅಷ್ಟೇ. ಫೋನ್ ಎತ್ತಲ್ಲ. ಮನೆಗೆ ಹೋದ್ರೆ ಬಾಗಿಲು ತೆಗೆದು, ‘ಓಹೋ, ಲೇಖಕಿಯವರು’ ಅಂತ ಹೇಳಿ ಹಾಕ್ಕೊಂಡ್ಬಿಟ್ಟಳು.”

“ಬಾಗಿಲಾಚೆಯಿಂದಲೇ ಹೇಳಿಬಿಡಬಹುದಿತ್ತಲ್ಲ, ಫೋನ್ ಮಾಡಿರಲಿಲ್ಲ ಅಂತ.”

“ಬಾಯಲ್ಲಿ ಹೇಳೋಕೆ ಬಂದಿದ್ರೆ ಪುಸ್ತಕ ಯಾಕೆ ಬರೀತಿದ್ದೆ ಸರ್?”

ಆಮೇಲೆ ಅವರು ಹದಿನಾರು ಪುಟಗಳನ್ನು ನನಗೆ ಓದಲು ಕೊಟ್ಟು, ನಾನು ಓದಿ ಮುಗಿಸುವವರೆಗೂ ಎದುರೇ ಕೂತರು.

“ಹೇಗಿದೆ?”

“ನಿಜ ಹೇಳ್ಲಾ? 144ಕ್ಕೆ ನಿಂತಿದ್ರೇ ಬರವಣಿಗೆ ಚೆನ್ನಾಗಿತ್ತು. ಇದರಲ್ಲಿ ತಡವರಿಸಿದ್ದೀರಿ. ಒಂದೇ ಮಾತು ಮೂರು ಸಲ ಬಂದಿದೆ.”

“ಗೊತ್ತು. ಅಲ್ಲಿವರೆಗೂ ಬರೆಯೋಕೆ ನಾಲ್ಕು ತಿಂಗಳು. ಇದಕ್ಕೆ ಎರಡು ವರ್ಷ.” ಎದ್ದು ನಿಂತು ಬ್ಯಾಗ್ ಹೆಗಲಿಗೆ ಹಾಕಿಕೊಂಡರು. “ನಿಮ್ಮ ಮೆಚ್ಚುಗೆ ಬೇಡ ಸರ್. ಅವಳು ನಿಮ್ಮ ಅಂಕಣ ಓದ್ತಾಳೆ. ಅಷ್ಟು ಸಾಕು.”

5

ಒಬ್ಬರ ಮಾತು ಕೇಳಿ ಬರೆಯಬಾರದೆಂದು ಮೊದಲ ದಿನವೇ ಕಲಿಸಿರುತ್ತಾರೆ. ಬೈಂಡರ್ ಕೊಟ್ಟ ಹತ್ತನೇ ಫಾರಂ ಹಿಡಿದು ಶಾಲೆಯ ಬಸ್ ಶೆಡ್ಡಿಗೆ ಹೋದೆ. ಮಧ್ಯಾಹ್ನ ಹನ್ನೆರಡೂವರೆ. ಅಕ್ಕ ಸೀಟುಗಳ ಕೆಳಗೆ ಬಗ್ಗಿ, ಮಕ್ಕಳು ಬಿಟ್ಟುಹೋದ ನೀರಿನ ಬಾಟಲಿಗಳನ್ನು ಒಂದು ಬುಟ್ಟಿಗೆ ಹಾಕುತ್ತಿದ್ದರು. ನಾನು ಯಾರೆಂದು ಹೇಳಿಕೊಂಡೆ.

“ಧೈರ್ಯದ ಮುಕ್ತಾಯ ಅಂದವರು ನೀವೇನಾ?”

“ಹೌದು.”

“ಪುಸ್ತಕ ಚೆನ್ನಾಗೇ ಇದೆ. ಅದರಲ್ಲಿ ನಾನು ಚೆನ್ನಾಗಿಲ್ಲ, ಅಷ್ಟೇ.” ಇನ್ನೊಂದು ಬಾಟಲಿ ಬುಟ್ಟಿಗೆ ಬಿತ್ತು. “ರದ್ದಿಗೆ ಹಾಕಿಲ್ಲ ಇನ್ನೂ. ಮನೇಲಿದೆ.”

ಫಾರಂ ಮುಂದೆ ಹಿಡಿದೆ; ಆದದ್ದನ್ನು ವಿವರಿಸಿದೆ. ಅವರು ಕೈ ಚಾಚಲಿಲ್ಲ. ಹಾಳೆಯ ಬಣ್ಣ ಮಾತ್ರ ನೋಡಿದರು. ಕಟ್ಟಿನೊಳಗೆ ಗಾಳಿ ಬೆಳಕಿಲ್ಲದೆ ಇದ್ದ ಹಾಳೆ ಬೆಳ್ಳಗೆ ಹೊಳೆಯುತ್ತಿತ್ತು.

“ಇದು ಯಾವಾಗ ಪ್ರಿಂಟ್ ಮಾಡಿಸಿದ್ದು?”

“ಪುಸ್ತಕದ ಜೊತೆಗೇ.”

“ಅವಳು ಹೇಳಿದ್ದಾ?”

“ಬೈಂಡರ್ ಕೂಡ ಹೇಳಿದ್ರು.”

“ಬೈಂಡರ್ ಅವಳ ಕಡೆಯವರಾ, ನಿಮ್ಮ ಕಡೆಯವರಾ?”

ಫಾರಂ ಇನ್ನಷ್ಟು ಮುಂದೆ ಹಿಡಿದೆ.

“ನೋಡಿ ಸ್ವಾಮಿ. ನಾನು ಬಾಗಿಲು ಹಾಕ್ಕೊಂಡ ಮೇಲೆ ಕೂತು ಬರೆದು, ಮೊನ್ನೆ ಅಚ್ಚು ಹಾಕಿಸಿರ್ತಾಳೆ. ತಂಗಿ ಅಲ್ವಾ, ನನಗೆ ಗೊತ್ತಿಲ್ವಾ? ಹದಿನೆಂಟು ವರ್ಷ ಅವಳು ಹೇಳಿದ್ದೇ ನಿಜ ಅಂದ್ರು. ಈಗ ಅವಳು ಮಾತು ಬದಲಾಯಿಸಿದ್ರೆ ಅದೂ ನಿಜ ಅಂತೀರಿ. ನಾನು ಹೇಳಿದ್ದು ಯಾವತ್ತು ನಿಜ ಆಗೋದು?”

ಬುಟ್ಟಿ ಕೆಳಗಿಳಿಸಿ, ಬಸ್ಸಿನ ಬಾಗಿಲು ಎಳೆದರು. ಫಾರಂ ನನ್ನ ಕೈಯಲ್ಲೇ ಉಳಿಯಿತು.

6

ಈ ಕಥೆಗೆ ಮುಕ್ತಾಯಗಳನ್ನು ಬರೆದು ನೋಡಿದೆ. ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. (ಪಾತ್ರಗಳನ್ನು ಕೇಳಿ ಬರೆಯಬಾರದು ಎನ್ನುವವರಿದ್ದಾರೆ. ಅವರ ಪಾತ್ರಗಳಿಗೆ ಫೋನ್ ಇಲ್ಲ.)

ಅ) ಅಕ್ಕ ಮನಸ್ಸು ಬದಲಿಸಿ, ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಆ ಪುಟಗಳನ್ನು ಓದುತ್ತಾರೆ.

“ಮಕ್ಕಳು ಬಸ್ಸಲ್ಲಿದ್ದಾಗ ಅವಳು ಮೂಗು ಕೂಡ ಕೆರ್ಕೊಳ್ಳಲ್ಲ ಸರ್. ತೆಗೀರಿ.”

ಆ) ಅಕ್ಕ ತಂಗಿ ತಬ್ಬಿಕೊಂಡು ಅಳುತ್ತಾರೆ.

“ಅಪ್ಪ ಹೋದಾಗಲೇ ನಾವು ಅಳಲಿಲ್ಲ, ಜಗಳ ಆಡಿದ್ವಿ. ನಿಮಗೆ ನಾಚಿಕೆ ಆಗಲ್ವಾ?”

ಇ) ಅಕ್ಕ ಎಂದೂ ಓದುವುದಿಲ್ಲ.

“ಅದು ನಿಮಗೆ ಇಷ್ಟ ಆಗುತ್ತೆ ಅಂತ ಗೊತ್ತು.”

ಕತ್ತರಿಯವರಿಗೆ ಮುಕ್ತಾಯಗಳೇ ಬೇಕಿರಲಿಲ್ಲ. “ತಿದ್ದುಪಡಿ ಹಾಕು. ನಲವತ್ತು ಪದ. ಏನು ತಪ್ಪು, ಯಾವುದು ಸರಿ. ಅಕ್ಕ ತಂಗಿ ಜಗಳ ನಮಗ್ಯಾಕೆ?”

“ಜಗಳದ ಮೇಲೆ ಎಣ್ಣೆ ಹೊಯ್ದಿದ್ದು ನಮ್ಮ ಪೇಪರ್.”

“ನಿನ್ನ ಅಂಕಣ,” ಎಂದರು. ಅವರು ಪದ ಕಡಿಮೆ ಮಾಡುವುದೇ ಹೀಗೆ.

7

ನಲವತ್ತು ಪದ ಬರೆಯಲು ಕೂತೆ. ತಿದ್ದುಪಡಿಯಲ್ಲಿ ತಪ್ಪಿರಬಾರದು, ಹಾಗಾಗಿ ಕಳೆದ ತಿಂಗಳ ಬರಹದ ಒಂದೊಂದು ಸಂಗತಿಯನ್ನೂ ಪುಸ್ತಕದೊಂದಿಗೆ ತಾಳೆ ನೋಡಿದೆ. ‘144 ಪುಟ’: ತಪ್ಪು. ‘ಹನ್ನೊಂದು ಅಧ್ಯಾಯ’: ಹನ್ನೊಂದು ಎಂದು ಎಲ್ಲಿಂದ ಬರೆದೆ? ಓದುತ್ತ ಎಣಿಸಿದ್ದೆ. ನಾನು ಪರಿವಿಡಿ ನೋಡುವುದಿಲ್ಲ. ಅಧ್ಯಾಯಗಳ ಹೆಸರು ಕಥೆಯನ್ನು ಮೊದಲೇ ಬಿಟ್ಟುಕೊಡುತ್ತದೆಂದು, ಹನ್ನೊಂದು ವರ್ಷಗಳಿಂದ ಆ ಪುಟವನ್ನು ಹಾರಿಸಿಯೇ ಓದಿದ್ದೇನೆ. ಇದನ್ನು ಶಿಸ್ತು ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಇದೆ.

ನನ್ನ ಅಪೂರ್ಣ ಪ್ರತಿಯ ಐದನೇ ಪುಟ ತೆರೆದೆ. ಪರಿವಿಡಿಯಲ್ಲಿ ಹನ್ನೆರಡು ಸಾಲುಗಳಿದ್ದವು. ಹನ್ನೆರಡನೆಯದರ ಎದುರು ಪುಟಸಂಖ್ಯೆ: 145.

ತಂಗಿಗೆ ಫೋನ್ ಮಾಡಿದೆ. “ಪರಿವಿಡಿ ಇದೆಯಲ್ಲ, ಯಾಕೆ ಹೇಳಲಿಲ್ಲ?”

“ಅದನ್ನ ಯಾರು ನೋಡ್ತಾರೆ ಸರ್?” ಎಂದರು. “ತಡೀರಿ. ಅದು ಅವಳ ಪುಸ್ತಕದಲ್ಲೂ ಇರುತ್ತಲ್ವಾ?”

“ಮೊದಲ ಫಾರಂ. ನೂರಹತ್ತರಲ್ಲೂ ಇರುತ್ತೆ.”

“ಹನ್ನೆರಡನೇದರ ಹೆಸರು...”

“ಓದಿದೆ.”

“ಹಾಗಾದ್ರೆ ಇದನ್ನ ಬರೀರಿ. ಹೆಸರೂ ಬರೀರಿ.”

“ಹೆಸರು ಬರೆಯಲ್ಲ.”

“ಯಾಕೆ?”

“ನಾನು ಬರೆದ್ರೆ ಅದೂ ಮೊನ್ನೆ ಅಚ್ಚಾಗಿದ್ದೇ ಆಗುತ್ತೆ.”

8

ತಿದ್ದುಪಡಿ: ‘ಭೇಟಿಯ ವೇಳೆ ನಾಲ್ಕರಿಂದ ಆರು’ ಪುಸ್ತಕಕ್ಕೆ 160 ಪುಟ, ಹನ್ನೆರಡು ಅಧ್ಯಾಯ. ಅದು ‘ಅಕ್ಕ ಬರಲಿಲ್ಲ’ ಎಂಬಲ್ಲಿ ಮುಗಿಯುವುದಿಲ್ಲ. ಕೊನೆಯಿಲ್ಲದ ಪ್ರತಿ ಇರುವವರಿಗೆ ಉಳಿದ ಪುಟಗಳು ಪತ್ರಿಕೆಯ ಕಚೇರಿಯಲ್ಲಿ ಸಿಗುತ್ತವೆ. ಧೈರ್ಯ ಎಂಬ ಪದವನ್ನು ಹಿಂತೆಗೆದುಕೊಂಡು ಹನ್ನೆರಡನೇ ಅಧ್ಯಾಯಕ್ಕೆ ವರ್ಗಾಯಿಸಿದ್ದೇನೆ. ಬರವಣಿಗೆ ಅಲ್ಲಲ್ಲಿ ತಡವರಿಸುತ್ತದೆ. ಓದಿ.

(ನಲವತ್ತು ಪದ ದಾಟಿಲ್ಲ. ಕತ್ತರಿಯವರು ಎಣಿಸಲಿ.)

ಉಳಿದದ್ದು ಒಬ್ಬ ಓದುಗರಿಗೆ ಮಾತ್ರ. ಅಕ್ಕ, ನನ್ನನ್ನು ನಂಬಬೇಡಿ, ಹೋದ ತಿಂಗಳು ನಂಬಿದ್ದೇ ಸಾಕು. ಬೈಂಡರನ್ನೂ ಬೇಡ, ತಂಗಿಯನ್ನೂ ಬೇಡ. ನೀವೇ ಅಂಗಡಿಗೆ ಹೋಗಿ, ನೀವೇ ಆರಿಸಿ ತಂದ ಪ್ರತಿ ನಿಮ್ಮ ಮನೆಯಲ್ಲಿದೆ. ನಿಮಗೆ ಸಿಟ್ಟು ಬರುವ ಮೊದಲೇ ಅಚ್ಚಾದದ್ದು. ಅಂದಿನಿಂದ ಅದನ್ನು ಯಾರೂ ಮುಟ್ಟಿಲ್ಲ. ಐದನೇ ಪುಟ, ಹನ್ನೆರಡನೇ ಸಾಲು. ಮೂರು ಪದಗಳಿವೆ. ನೀವು ಹದಿನೆಂಟು ವರ್ಷಗಳಿಂದ ಹೇಳುತ್ತ ಬಂದಿರುವ ಮಾತು, ನಿಮ್ಮ ತಂಗಿಯ ಬಾಯಲ್ಲಿ.

ಅವರು ತೆರೆದು ನೋಡಿದರೇ ಎಂದು ಓದುಗರು ನನ್ನನ್ನು ಕೇಳುತ್ತಾರೆ. ಇದು ಅಚ್ಚಿಗೆ ಹೋಗುತ್ತಿರುವುದು ಶುಕ್ರವಾರ ನಾಲ್ಕಕ್ಕೆ. ಅವರ ಕೈಗೆ ಸಿಗುವುದು ಭಾನುವಾರ ಬೆಳಗ್ಗೆ. ನಡೆಯದಿರುವುದನ್ನು ನಡೆಯಿತೆಂದು ನಾನು ಬರೆಯುವುದಿಲ್ಲ, ನಡೆಯಲಿಲ್ಲ ಎಂದೂ ಬರೆಯುವುದಿಲ್ಲ. ಈಗ ತಾನೇ ತಂಗಿಯ ಫೋನ್ ಬಂದಿತ್ತು. ಭಾನುವಾರ ಅವರಿಗೆ ಡ್ಯೂಟಿ ಇಲ್ಲವಂತೆ. ಅಕ್ಕನ ಮನೆಯ ಬೀದಿಯ ತುದಿಗೆ ಹೋಗಿ ನಿಂತಿರುತ್ತಾರಂತೆ, ಬಾಗಿಲು ಬಡಿಯುವುದಿಲ್ಲವಂತೆ. ಎಷ್ಟು ಹೊತ್ತು ಎಂದು ಕೇಳಿದೆ. ಅದನ್ನು (ಮುಂದಿನ ಪುಟ ನೋಡಿ)