ಅಪ್ಪ ಆಡಿದ ಮಾತು

ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್ ಹುಟ್ಟು ಕಿವುಡ. ಇಪ್ಪತ್ತಮೂರರ ಹುಡುಗ. ಪ್ರೆಸ್ಸಿನಲ್ಲಿ ಮೇಜಿನ ಮೇಲೆ ಅಂಗೈ ಇಟ್ಟರೆ ಸಾಕು, ಪಕ್ಕದ ಯಂತ್ರ ಹದ ತಪ್ಪಿದ್ದು ಕಿವಿಯಿದ್ದವರಿಗಿಂತ ಮೊದಲು ಅವನಿಗೇ ಗೊತ್ತಾಗುತ್ತಿತ್ತು. ಭಾನುವಾರ ತನ್ನಂಥ ಗೆಳೆಯರ ಜೊತೆ ಸೇರಿದನೆಂದರೆ ಮುಗಿಯಿತು, ಸನ್ನೆಯಲ್ಲಿ ಬೇರೆಯವರಿಗೆ ಎಡೆಯೇ ಕೊಡುವವನಲ್ಲ. ಅಲ್ಲಿ ಅವನಿಗಿಟ್ಟ ಹೆಸರೇ 'ಬಾಯಿಬಡುಕ'!

ಮನೆಯಲ್ಲಿ ಮಾತ್ರ ಅವನು 'ಪಾಪ, ಅದು'. ಕೈಭಾಷೆ ಕಲಿತವಳು ಅಕ್ಕ ಒಬ್ಬಳೇ. ಉಳಿದವರಿಗೆ ಪುರುಸೊತ್ತಿರಲಿಲ್ಲವಂತೆ. ಇಪ್ಪತ್ತಮೂರು ವರ್ಷ ಪುರುಸೊತ್ತಿಲ್ಲವೆಂದರೆ ಏನನ್ನೋಣ? ಊಟಕ್ಕೆ ಕೂತಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರೆ ಇವನು ಅಕ್ಕನ ಮುಖ ನೋಡುವನು. ಅರ್ಧ ಗಂಟೆಯ ಹರಟೆಯನ್ನು ಅವಳು ಎರಡೇ ಸನ್ನೆಯಲ್ಲಿ ಮುಗಿಸುವಳು: 'ದೊಡ್ಡಪ್ಪ ಜಾರಿಬಿದ್ರು.' ಅವಳನ್ನೂ ದೂರುವಂತಿಲ್ಲ. ಉಣ್ಣುವ ಕೈಯಲ್ಲೇ ಮಾತನ್ನೂ ಆಡಬೇಕಲ್ಲ.

ಅಪ್ಪ ಆಸ್ಪತ್ರೆ ಸೇರಿದ ಐದನೆಯ ದಿನ ಮಧ್ಯಾಹ್ನ ಮಗನ ಮಣಿಕಟ್ಟು ಹಿಡಿದು ಮಾತಾಡತೊಡಗಿದರು. ಮೂಗು ಬಾಯಿಗೆಲ್ಲ ಆಕ್ಸಿಜನ್ ಮಾಸ್ಕ್, ತುಟಿಯೂ ಕಾಣದು. ಒಮ್ಮೆ ಕಣ್ಣಲ್ಲೇ ನಕ್ಕರು, ಎರಡು ಸಲ ಅತ್ತರು. ಗೋಡೆಯ ಗಡಿಯಾರದಲ್ಲಿ ಹದಿನೈದು ನಿಮಿಷ ಕಳೆಯಿತು. ಅವನೊಬ್ಬನಿಗೆಂದೇ ಅಪ್ಪ ಅಷ್ಟು ಮಾತಾಡಿದ್ದು ಅದೇ ಮೊದಲು. ಅವನು ಪಕ್ಕದಲ್ಲೇ ನಿಂತಿದ್ದ ಅಕ್ಕನ ಕಡೆ ತಿರುಗಿದ.

'ಹುಷಾರಾಗಿರು ಅಂದ್ರು,' ಎಂದು ಅವಳು ಸನ್ನೆ ಮಾಡಿದಳು.

ಸಂಜೆಗೆ ಅಪ್ಪ ಹೋಗಿಬಿಟ್ಟರು.

ನೆಂಟರೆಲ್ಲ ಹೊರಟ ಮೇಲೆ ಅವನು ಅಕ್ಕನನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಹಾಕಿದ. 'ಅಪ್ಪ ಏನೇನು ಹೇಳಿದ್ರು? ಒಂದೂ ಬಿಡದೆ ಹೇಳು.'

'ಹೇಳಿದ್ನಲ್ಲೋ...'

'ಹುಷಾರಾಗಿರು ಅನ್ನೋಕೆ ಹದಿನೈದು ನಿಮಿಷ ಬೇಕೇನೆ? ಯಾಕೆ ನಕ್ಕರು? ಯಾಕೆ ಅತ್ತರು? ನನಗೂ ಅಪ್ಪ ಕಣೆ ಅವರು! ಕಿವುಡನಿಗೆ ಇಷ್ಟು ಸಾಕು ಅಂತ ಅಳತೆ ಮಾಡಿದ್ದು ಯಾರು?'

ಅಕ್ಕ ಎದ್ದ ಕೈಯನ್ನು ಮಡಿಲಿಗೆ ಇಳಿಸಿದಳು. ಮತ್ತೆ ಎತ್ತಿದಳು.

'ನನಗೆ ಗೊತ್ತಿಲ್ಲ ಕಣೋ. ಹೇಗೂ ನಿನಗೆ ಎರಡು ಮಾತಲ್ಲಿ ಹೇಳೋದು ತಾನೆ ಅಂತ ಗಮನ ಇಟ್ಟು ಕೇಳಲೇ ಇಲ್ಲ. ಡಾಕ್ಟರ್ ಬಂದ್ರಾ ಅಂತ ಬಾಗಿಲು ನೋಡ್ತಿದ್ದೆ.'

ಅವನಿಗೆ ಸಿಟ್ಟೂ ಬರಲಿಲ್ಲ, ಅಷ್ಟು ಸಂಕಟವಾಯಿತು. ಅಪ್ಪನ ಕೊನೆಯ ಮಾತು ಆಸ್ಪತ್ರೆಯ ಆ ಕೋಣೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

'ಒಂದಾದ್ರೂ ನೆನಪಿಲ್ವಾ?'

ಅವಳು ಅಳುತ್ತ ಯೋಚಿಸಿದಳು. 'ನಿನ್ನ ಹೆಸರು ಕರೀತಿದ್ರು. ಮತ್ತೆ ಮತ್ತೆ.'

'ಎಷ್ಟು ಸಲ?'

ಅದೂ ಅವಳಿಗೆ ಗೊತ್ತಿರಲಿಲ್ಲ.