ತಲೆಗೆ ಬಣ್ಣ ಹಚ್ಚದ ದೊರೆ

ಮೂವತ್ತೊಂದು ವರ್ಷ ಮಕ್ಕಳಿಗೆ ಟೊಂಗಾದ ಹಳೆಯ ದೊರೆಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದವಳು ನಾನು. ಆಕ್ಲೆಂಡಿನಲ್ಲಿ ಹುಟ್ಟಿ ಬೆಳೆದ ಫುಸಿಪಾಲಾ ಎಂಬ ಹುಡುಗಿ ನಮ್ಮ ಶಾಲೆಗೆ ಟೀಚರಾಗಿ ಬಂದು, ತಾನೇ ಬರೆದ ದೊರೆಯ ಚಿತ್ರ ಹಂಚಿ, "ಬಣ್ಣ ಹಚ್ತಾ ಹಚ್ತಾ ಚರಿತ್ರೆ ಕಲೀರಿ" ಎಂದರೆ ಮೈ ಉರಿಯದೆ ಇರುತ್ತದೆಯೇ?

ಹೆಡ್‌ಮಾಸ್ಟರ್ ಸೆಮಿಸಿ ನನ್ನ ಒಡಹುಟ್ಟಿದ ತಮ್ಮ. ನಮ್ಮಲ್ಲಿ ತಮ್ಮನಾದವನು ಅಕ್ಕನಿಗೆ ಎದುರಾಡುವಂತಿಲ್ಲ. ನಾನಿರುವ ಕೋಣೆಗೆ ಅವನು ಕಾಲಿಡುವುದೂ ಇಲ್ಲ, ಏನಿದ್ದರೂ ಜಗುಲಿಯಿಂದಲೇ ಮಾತು. ಅವನಿಗೆ ದೂರು ಕೊಟ್ಟವಳು ನಾನೇ. ಶುಕ್ರವಾರ ಬಂದು ನೋಡುತ್ತೇನೆ, ಮಕ್ಕಳು ಏನೂ ಕಲಿತಿಲ್ಲವೆಂದರೆ ಬಣ್ಣದ ಪಾಠ ಬಂದ್ ಎಂದ. ಫುಸಿಗೆ ಆ ವಾರವೆಲ್ಲ ಊಟ ಸೇರಲಿಲ್ಲ.

ಶುಕ್ರವಾರ ನಾನೂ ಹೋದೆ. ಫುಸಿಯ ತರಗತಿಯ ಗೋಡೆಯ ಮೇಲೆ ಇಪ್ಪತ್ತೆರಡು ಹಾಳೆಗಳು. ಉಟ್ಟ ನಾರುಬಟ್ಟೆಗೆ ಕಂದು ಬಣ್ಣ, ಹಿಂದಿನ ಕಲ್ಲುಬಾಗಿಲಿಗೆ ಬೂದು, ಎಲ್ಲ ಚೊಕ್ಕಟವಾಗಿತ್ತು. ಆದರೆ ಇಪ್ಪತ್ತೆರಡು ದೊರೆಗಳ ತಲೆಯೂ ಬೋಳು ಬಿಳಿ!

"ಪೂರ್ತಿ ಹಚ್ಚಿ ಅಂದಿದ್ನಲ್ರೋ!" ಎಂದಳು ಫುಸಿ.

ಜಗುಲಿಯಿಂದ ಸೆಮಿಸಿ ಇಣುಕಿದ. "ಅರ್ಧಂಬರ್ಧ ಕೆಲಸ. ನೀವು ಹೇಳಿದ್ದೇ ಸರಿ ಅಕ್ಕಾ."

ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಲೋಸಾಲಿನೆಯನ್ನು ಕೇಳಿದೆ, "ಯಾಕಮ್ಮಾ, ಕ್ರೇಯಾನ್ ಮುಗೀತಾ?"

"ಇಲ್ಲ ಮಿಸ್. ದೊರೆ ತಲೆ ಮುಟ್ಟಬಾರ್ದಲ್ವಾ? ನಮ್ಮಪ್ಪನ ತಲೇನೇ ನಾವು ಮುಟ್ಟಲ್ಲ. ಇವ್ರು ಎಲ್ರಿಗಿಂತ ದೊಡ್ಡೋರು."

"ಫುಸಿ ಮಿಸ್‌ಗೆ ಗೊತ್ತಿಲ್ಲ ಕಣೇ, ಆಕ್ಲೆಂಡಿನೋರು!" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

ಅಪ್ಪನ ತಲೆ ಮುಟ್ಟಬಾರದೆಂದು ಫುಸಿಗೂ ಗೊತ್ತು. ಹಾಳೆಯ ಮೇಲಿನ ತಲೆಯೂ ತಲೆಯೇ ಎಂದು ಅವಳಿಗೆ ಹೊಳೆದಿರಲಿಲ್ಲ, ಅಷ್ಟೆ. ನನಗೂ ಹೊಳೆದಿರಲಿಲ್ಲ. ನನ್ನ ಬಾಯಿಪಾಠದ ದೊರೆಗಳಿಗೆ ಹೆಸರಿತ್ತೇ ಹೊರತು ತಲೆಯೇ ಇರಲಿಲ್ಲವಲ್ಲ! ಈ ಮಕ್ಕಳು ಒಂದೇ ವಾರದಲ್ಲಿ ದೊರೆಗೆ ಮರ್ಯಾದೆ ಕೊಡುವಷ್ಟು ಹತ್ತಿರವಾಗಿದ್ದರು.

"ಹಾಗಾದ್ರೆ ಪಾಪ, ಹೀಗೇ ಬೋಳಾಗಿ ಇರ್ಬೇಕಾ ದೊರೆ?" ಎಂದಳು ಫುಸಿ.

ಲೋಸಾಲಿನೆ ಉಗುರು ಕಚ್ಚುತ್ತ ಯೋಚಿಸಿದಳು. "ಮಿಸ್, ದೊರೆಗೆ ಅಕ್ಕ ಇರ್ಲಿಲ್ವಾ? ಅಕ್ಕ ಆದ್ರೆ ತಲೆ ಮುಟ್ಟಿ ಬಣ್ಣ ಹಚ್ಬಹುದು. ಅಕ್ಕ ಅಂದ್ರೆ ದೊರೆಗಿಂತ ದೊಡ್ಡೋಳು."

ಇದ್ದಳು. ಸಮುದ್ರದಾಚೆಯ ದ್ವೀಪಗಳೆಲ್ಲ ತಲೆಬಾಗುತ್ತಿದ್ದ ದೊರೆಯೇ ಅವಳೆದುರು ತಲೆಬಾಗುತ್ತಿದ್ದ. ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳುವುದಿಲ್ಲವೆಂದು ಮೂವತ್ತೊಂದು ವರ್ಷ ಯಾವ ಮಗುವಿಗೂ ಹೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಅಲ್ಲೇ ನಿಂತು ಅವಳ ಕಥೆಯೆಲ್ಲ ಹೇಳಿದೆ. ಫುಸಿ ಸೀಮೆಸುಣ್ಣ ಹಿಡಿದು ಅವಳನ್ನು ಬೋರ್ಡಿನ ಮೇಲೆ ಬರೆಯುತ್ತ ಹೋದಳು. "ಮಿಸ್, ಅಕ್ಕನ ಹಾಳೆ ಕೊಡಿ! ನನಗೂ ಮಿಸ್!" ಎಂದು ತರಗತಿಯೆಲ್ಲ ಗದ್ದಲ.

ಸೆಮಿಸಿ ಗಂಟಲು ಸರಿಪಡಿಸಿಕೊಂಡ. "ಅಕ್ಕಾ, ಇದೆಲ್ಲ ನಿಲ್ಸೋಣ ಅಂತ ನೀವೇ ತಾನೆ..."

"ಸೋಮವಾರದಿಂದ ನನ್ನ ತರಗತಿಗೂ ಈ ಹಾಳೆ ಬೇಕು ಸೆಮಿಸಿ."

ಮಕ್ಕಳೆಲ್ಲ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಇಡೀ ಶಾಲೆ ಹೆದರುವ ಹೆಡ್‌ಮಾಸ್ಟರ್ ನೆಲ ನೋಡುತ್ತ, "ಆಗ್ಲಿ ಅಕ್ಕಾ" ಎಂದ.

ಲೋಸಾಲಿನೆ ಪಕ್ಕದವಳ ಕಿವಿಯಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ ಪಿಸುಗುಟ್ಟಿದಳು: "ನೋಡಿದ್ಯಾ? ನಾನು ಹೇಳ್ಲಿಲ್ವಾ!"