ಎರಡು ಹೆಸರಿನ ಊರಿನ ಹುಡುಗ

ಹುಡುಗ ಇಟಲಿಯವನಂತೆ, ಹೆಸರು ಹಾನೆಸ್ ಅಂತೆ. ಮಗಳು ಅಮೂಲ್ಯಾ ಇಷ್ಟು ಹೇಳಿದಾಗಲೇ ನನ್ನ ಕಿವಿ ನೆಟ್ಟಗಾದವು. ಇಟಲಿಯವರ ಹೆಸರು ಹೀಗಿರುವುದಿಲ್ಲ ಎಂದು ತಿಳಿಯಲು ನಾನೇನು ರೋಮಿಗೆ ಹೋಗಿ ಬರಬೇಕಾಗಿರಲಿಲ್ಲ. ಇಲ್ಲೇ ಟೆಕ್ಸಾಸಿನ ರಿಚರ್ಡ್‌ಸನ್ನಿನಲ್ಲಿ ಓದುವಾಗ ಇಬ್ಬರಿಗೂ ಪರಿಚಯ, ಈಗ ಅವನಿಗೆ ಆಸ್ಟಿನ್ನಿನಲ್ಲಿ ಕೆಲಸ. ಮದುವೆಯಾಗಿ ಅವನ ಊರಿಗೇ ಹೋಗಿ ನೆಲೆಸುತ್ತೇವೆ ಎಂದಳು. ಊರು ಆಲ್ಪ್ಸ್ ಬೆಟ್ಟಗಳ ನಡುವೆ ಇರುವ ಸ್ಟೆರ್ಟ್ಸಿಂಗ್ ಎಂಬ ಸಣ್ಣ ಪೇಟೆ. ಇರುವವಳು ಒಬ್ಬಳೇ ಮಗಳು. ಅವಳನ್ನು ಯಾವನೋ ಏನೋ ಅವನ ಜೊತೆ ಬೆಟ್ಟ ಹತ್ತಿಸಿ, ನಾನು ಇಲ್ಲಿ ಫ್ರಿಸ್ಕೋದ ಮನೆಯಲ್ಲಿ ಹಾಯಾಗಿ ನಿದ್ದೆ ಮಾಡಲೇ?

ಮದುವೆಯ ಕಾಗದಪತ್ರಕ್ಕೆಂದು ಅವರಿಬ್ಬರೂ ಹ್ಯೂಸ್ಟನ್ನಿನಲ್ಲಿರುವ ಇಟಲಿ ದೇಶದ ಕಚೇರಿಗೆ ಹೋಗಬೇಕಾಯಿತು. ನಾನೂ ನನ್ನ ಗಂಡ ಚನ್ನವೀರಪ್ಪನೂ ಬೇಕೆಂದೇ ಜೊತೆಗೆ ಹೋದೆವು. ಕೌಂಟರಿನ ಹೆಂಗಸು ಹುಟ್ಟಿದ ಊರು ಕೇಳಿದಳು. ಹುಡುಗ ಕಣ್ಣು ಮಿಟುಕಿಸದೆ ‘ವಿಪಿತೇನೊ’ ಎಂದ. ನಮಗೆ ಒಂದು ಊರು, ಸರ್ಕಾರಕ್ಕೆ ಇನ್ನೊಂದು. ಹೊರಗೆ ಬಂದವನೇ ತಾಯಿಗೆ ಫೋನ್ ಮಾಡಿ ಮಾತಾಡಿದ. ಅದು ಇಟಲಿಯ ಭಾಷೆಯೂ ಅಲ್ಲ. ನಮ್ಮ ಆಫೀಸಿನ ಜರ್ಮನ್ ಮ್ಯಾನೇಜರ್ ಸಿಟ್ಟು ಬಂದಾಗ ಆಡುವ ಭಾಷೆ.

ಅದೇ ಊರಿನ ಗಾಂಧಿ ಡಿಸ್ಟ್ರಿಕ್ಟ್ ಎಂಬ ನಮ್ಮವರ ಅಂಗಡಿಬೀದಿಯಲ್ಲಿ ಊಟಕ್ಕೆ ಕೂತಾಗ ನಾನು ಬಿಡಲಿಲ್ಲ. ಅವನು ದೋಸೆ ಮುರಿಯುತ್ತಾ ನಿಧಾನವಾಗಿ ವಿವರಿಸಿದ. ಅವರ ಊರು ಹಿಂದೆ ಆಸ್ಟ್ರಿಯಾದಲ್ಲಿತ್ತಂತೆ. ಮೊದಲ ಮಹಾಯುದ್ಧವಾದ ಮೇಲೆ ಗಡಿ ಸರಿದು ಇಟಲಿಗೆ ಸೇರಿತಂತೆ. ಊರು ಇದ್ದಲ್ಲೇ ಇತ್ತು, ಜನರೂ ಇದ್ದಲ್ಲೇ ಇದ್ದರು, ಈಗಲೂ ಹೆಚ್ಚಿನವರ ಮನೆಮಾತು ಜರ್ಮನ್, ಊರಿಗೆ ಎರಡೂ ಭಾಷೆಯಲ್ಲಿ ಒಂದೊಂದು ಹೆಸರು ಎಂದ. ಎಲ್ಲೂ ತಡವರಿಸಲಿಲ್ಲ. ಬಾಯಿಪಾಠ ಮಾಡಿದವರಷ್ಟೇ ಹೀಗೆ ಒಪ್ಪಿಸುತ್ತಾರೆ ಎಂದು ನನ್ನ ಸಂಶಯ ಇನ್ನೂ ಗಟ್ಟಿಯಾಯಿತು.

ವಾಪಸು ಡ್ರೈವ್ ಮಾಡುವಾಗ ಗಂಡನಿಗೆ ಅದನ್ನೇ ಹೇಳಿದೆ.

“ಇರಬಹುದು ಬಿಡ ಜಯದೇವಿ, ಅಂವಾ ಯಾಕ ಸುಳ್ಳ ಹೇಳ್ತಾನ?” ಎಂದ. ಈ ಮನುಷ್ಯ ಕಾರು ಮಾರುವವನು ಹೇಳಿದ್ದನ್ನೂ ನಂಬುತ್ತಾನೆ.

ಹುಡುಗನ ತಾಯಿಯನ್ನು ನಾನೇ ವಿಚಾರಿಸದೆ ಈ ಮದುವೆಗೆ ಒಪ್ಪುವುದಿಲ್ಲ ಎಂದು ಅಮೂಲ್ಯಾಗೆ ಹೇಳಿಬಿಟ್ಟೆ. ಅವಳೂ ನನ್ನ ಮಗಳೇ. ವಿಚಾರಿಸು, ಆದರೆ ಅವನನ್ನು ಇನ್ನೊಮ್ಮೆ ಕಳ್ಳನ ಹಾಗೆ ನೋಡಿದರೆ ಆಸ್ಟಿನ್ನಿನ ಕೋರ್ಟಿನಲ್ಲಿ ಮದುವೆಯಾಗಿ ಹೊರಟೇಬಿಡುತ್ತೇನೆ, ಈ ಮನೆಯ ಬಾಗಿಲು ತುಳಿಯುವುದಿಲ್ಲ ಎಂದಳು. ಹೆದರಿಕೆಯಾಯಿತು. ಆದರೂ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಟ್ಟುಕೊಂಡೆ.

ಭಾನುವಾರ ಬೆಳಿಗ್ಗೆ ಹಾನೆಸ್ ನಮ್ಮ ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ತಾಯಿಯನ್ನು ತೋರಿಸಿದ. ಬಿಳಿ ಕೂದಲು, ಬಿಗಿದ ತುಟಿ. ನಗುವಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಕೆಯೇ ಶುರುಮಾಡಿದಳು. ಹಾನೆಸನ ಕಿವಿ ಕೆಂಪಾಯಿತು. ಇಂಗ್ಲಿಷಿಗೆ ತರಲು ಹಿಂದೆಮುಂದೆ ನೋಡಿದ. ಕೊನೆಗೆ ತಾಯಿಯ ಮಾತನ್ನು ಇದ್ದ ಹಾಗೇ ಹೇಳಿದ. ನೀವು ಕನ್ನಡದವರು ಎಂದು ಅಮೂಲ್ಯಾ ಹೇಳುತ್ತಾಳೆ. ಆದರೆ ಅಪ್ಪ ಅಮ್ಮ ಇಬ್ಬರೂ ಹುಟ್ಟಿದ್ದು ಮಹಾರಾಷ್ಟ್ರದಲ್ಲಿ ಅನ್ನುತ್ತಾಳೆ. ಅಲ್ಲಿಯವರ ಭಾಷೆ ಬೇರೆ ಎಂದು ನಾನು ಓದಿದ್ದೇನೆ. ಇದರಲ್ಲಿ ಯಾವುದು ನಿಜ?

ನನ್ನ ಮೈ ಉರಿದುಹೋಯಿತು. ಆಲ್ಪ್ಸ್ ಮೇಲೆ ಕುಳಿತು ಇವಳು ನಾವು ಹುಟ್ಟಿದ ಅಕ್ಕಲಕೋಟವನ್ನು ಅನುಮಾನಿಸುವುದೇ? ಹಾನೆಸನ ಕಡೆ ತಿರುಗಿ ಗಡಗಡ ಹೇಳತೊಡಗಿದೆ. ಯಾರೋ ಎಲ್ಲೋ ಕೂತು ರಾಜ್ಯಗಳ ಗೆರೆ ಎಳೆದರು, ನಾವು ಆಚೆ ಬಿದ್ದೆವು, ಬೋರ್ಡುಗಳೆಲ್ಲ ಮರಾಠಿ, ಮನೆಮಾತು ಕನ್ನಡ, ಊರು ಇದ್ದಲ್ಲೇ ಇತ್ತು, ಜನರೂ ಇದ್ದಲ್ಲೇ… ಅಷ್ಟಕ್ಕೆ ನನ್ನ ಮಾತು ನನಗೇ ಕೇಳಿಸಿತು. ಚನ್ನವೀರಪ್ಪ ಮೀಸೆಯೊಳಗೇ ನಗುತ್ತಾ ಕಾರ್ಪೆಟ್ ನೋಡುತ್ತಿದ್ದ. ನಾಚಿಕೆಯಿಂದ ಸತ್ತುಹೋದೆ. ಹುಡುಗನಿಗೆ ಅಲ್ಲೇ, ಎಲ್ಲರೆದುರು, ನಿನ್ನನ್ನು ಸುಮ್ಮನೆ ಅನುಮಾನಿಸಿದೆ, ತಪ್ಪಾಯಿತು ಎಂದೆ.

ಹಾನೆಸ್ ಎಲ್ಲವನ್ನೂ ತಾಯಿಗೆ ಹೇಳಿದ. ಆಕೆಯ ಮುಖ ಸಡಿಲವಾಯಿತು. ಅವಳ ತಾಯಿ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಜರ್ಮನ್ ನಿಷೇಧವಾಗಿತ್ತಂತೆ. ಹುಲ್ಲಿನ ಅಟ್ಟದ ಮೇಲೆ ಕದ್ದು ಕೂತು ಅಕ್ಷರ ಕಲಿತಳಂತೆ, ಸಿಕ್ಕಿಬಿದ್ದರೆ ಕಲಿಸುವವಳಿಗೆ ಜೈಲು. ಹಾಗೆ ಉಳಿಸಿಕೊಂಡದ್ದನ್ನೇ ಈಗ ತನ್ನ ಮಗ ಆಡುತ್ತಾನೆ ಎಂದಳು. ಆಮೇಲೆ, ತೀರಾ ಸಹಜವಾಗಿ, ಮತ್ತೊಂದು ಕೇಳಿದಳು.

“ನಿಮ್ಮಲ್ಲೂ ಹೀಗೇ ಅಲ್ಲವೇ? ಅಮೂಲ್ಯಾ ನಿಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ ತಾನೆ?”

ಅಮೂಲ್ಯಾ ನನ್ನ ಪಕ್ಕದಲ್ಲೇ ಇದ್ದಳು. ಇಲ್ಲಿ ನಮಗೆ ಯಾರೂ ಏನನ್ನೂ ನಿಷೇಧಿಸಿರಲಿಲ್ಲ, ಯಾವ ಅಟ್ಟವನ್ನೂ ಹತ್ತಬೇಕಾಗಿರಲಿಲ್ಲ. ಹೌದು ಅನ್ನಲು ಬಾಯಿ ತೆರೆದೆ. ಪರದೆಯ ಮೇಲಿನ ಆಕೆಯ ಕಣ್ಣುಗಳು ನನ್ನ ತುಟಿಯನ್ನೇ ನೋಡುತ್ತಿದ್ದವು. ಸುಳ್ಳು ಹೊರಡಲಿಲ್ಲ, ಇಂಗ್ಲಿಷೂ ಹೊರಡಲಿಲ್ಲ.

“ಇಲ್ರಿ. ಅಕಿಗೆ ಎಲ್ಲಾ ತಿಳೀತದ. ಆದ್ರ ಒಂದ ಮಾತೂ ಆಡೂದಿಲ್ಲ.”

ಹಾನೆಸನಿಗೆ ಅರ್ಥವಾಗಲಿಲ್ಲ. ಅವನು ಅಮೂಲ್ಯಾಳ ಮುಖ ನೋಡಿದ. ಅವಳು ನಾನು ಹೇಳಿದ್ದನ್ನು ಒಂದು ಪದವೂ ಬಿಡದೆ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಅದನ್ನು ತಾಯಿಗೆ ಜರ್ಮನ್ನಿನಲ್ಲಿ ಹೇಳಿದ. ಅಕ್ಕಲಕೋಟದ ಬಗ್ಗೆ ಅಷ್ಟು ಅನುಮಾನಪಟ್ಟವಳು ಇದರ ಬಗ್ಗೆ ಏನೂ ಕೇಳಲಿಲ್ಲ. ತಲೆಯಾಡಿಸಿದಳು. ನಂಬಿಬಿಟ್ಟಳು.